ತುಪ್ಪಳದ ಕುರಿಮರಿ ಕೈಗೊಂಬೆ: ಎಂಬ್ರಾಯ್ಡರಿ ಮಷಿನ್‌ನಲ್ಲಿ ಮಾಡುವುದು ಹೇಗೆ?

ಬ್ಲೌಸ್ ಕೆಲಸಕ್ಕೆಂದು ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಕೊಂಡವರು ಈಗ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಯಲ್ಲಿ ಸಿಗುತ್ತಾರೆ. ಅವರಲ್ಲಿ ಅನೇಕರು ಕೇಳುವುದು ಒಂದೇ ಪ್ರಶ್ನೆ: ರೇಷ್ಮೆ ಬಟ್ಟೆ ಮೇಲೆ ಅಷ್ಟು ಚೆಂದ ಬರುವ ಡಿಸೈನು ಫರ್ ಬಟ್ಟೆ ಮೇಲೆ ಯಾಕೆ ಮುಳುಗಿ ಹೋಗುತ್ತದೆ? ಕಥೆ ಹೇಳಲು ಕೈಗೊಂಬೆ ಮಾಡಿಕೊಡಿ ಅಂತ ಅಂಗನವಾಡಿ, ನಲಿ-ಕಲಿ ಟೀಚರುಗಳು ಬೇರೆ ಬೆನ್ನು ಬಿದ್ದಿರುತ್ತಾರೆ. ಇಬ್ಬರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ಉತ್ತರ ಚಿಕ್ಕದು. ತುಪ್ಪಳವನ್ನು ಮೊದಲು ಮಲಗಿಸಬೇಕು, ಆಮೇಲೆ ಅದರ ಮೇಲೆ ಹೊಲಿಯಬೇಕು. ಮಲಗಿಸದೆ ಹೊಲಿದರೆ ದಾರ ಎಳೆಗಳ ನಡುವೆ ಇಳಿದುಬಿಡುತ್ತದೆ, ಕಣ್ಣು ಮೂಗು ಯಾವುದೂ ಕಾಣುವುದಿಲ್ಲ. ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಗೊಂಬೆ ಯಾವುದು? ಕುರಿಮರಿ. ಕಾರಣ ಎರಡು. ಗದಗ, ಹಾವೇರಿ ಕಡೆ ಕುರಿ ಹಿಂಡು ನೋಡದ ಮಗು ಇಲ್ಲ, ಹಾಗಾಗಿ ಕಥೆ ತಾನಾಗೇ ಹುಟ್ಟುತ್ತದೆ. ಎರಡನೆಯದು, ಕುರಿಗೆ ಒಪ್ಪುವ ಗುಂಗುರು ಬಟ್ಟೆ ಹೊಸಬರ ಕೈಗೂ ಒಗ್ಗುತ್ತದೆ. ಕರಡಿ, ತೋಳ ಮಾಡಬೇಕೆಂಬ ಆಸೆ ಇದ್ದರೆ ಎರಡನೇ ಗೊಂಬೆಗೆ ಇಟ್ಟುಕೊಳ್ಳಿ.

ಮೊದಲು ನಿಮ್ಮ ಹೂಪ್ ಅಳೆಯಿರಿ

ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟಿಗೆ ಹೂಪ್ ಅಂತಾರೆ, ಕೆಲವರು ಫ್ರೇಮ್ ಅಂತಾರೆ. ಟೀಚರ ಕೈಗೆ ಆಗುವ ಗೊಂಬೆ ಪೂರ್ತಿ ಹೂಪಿನಲ್ಲೇ ಆಗಬೇಕಾದರೆ 200×300 ಮಿ.ಮೀ. ಹೂಪ್ ಬೇಕು. ಚಿಕ್ಕ ಮಕ್ಕಳ ಕೈಗಾದರೆ 160×260 ಸಾಕು. ನಿಮ್ಮದು 100×100 ಅಥವಾ 130×180 ಇದ್ದರೆ ಬೇಜಾರಾಗಬೇಡಿ. ಮುಖವನ್ನಷ್ಟೇ ಎಂಬ್ರಾಯ್ಡರಿ ಮಾಡಿ, ಮೈಯನ್ನು ಮಾಮೂಲಿ ಹೊಲಿಗೆ ಮಷಿನ್‌ನಲ್ಲಿ ಹೊಲಿಯಬಹುದು. ನಿಜ ಹೇಳಬೇಕೆಂದರೆ ಹಾಗೆ ಮಾಡಿದ ಗೊಂಬೆ ಇನ್ನೂ ಗಟ್ಟಿ. ಗೊಂಬೆಗಾಗಿಯೇ ದೊಡ್ಡ ಹೂಪಿನ ಹೊಸ ಮಷಿನ್ ಕೊಳ್ಳುವುದು ಮಾತ್ರ ದುಡ್ಡಿಗೆ ದಂಡ.

ಬೇಕಾಗುವ ಸಾಮಾನು

ಬಟ್ಟೆ: ಅಂಗಡಿಯಲ್ಲಿ ಶೆರ್ಪಾ ಎಂದು ಕೇಳಿ. ಕುರಿ ಉಣ್ಣೆಯ ಹಾಗೆ ಗುಂಗುರಾಗಿರುವ ಬಟ್ಟೆ ಅದು. ಹೆಸರು ಹೇಳಿದರೆ ಗೊತ್ತಾಗದಿದ್ದರೆ ‘ಟೆಡ್ಡಿ ಬಟ್ಟೆ’, ‘ಫರ್ ಬಟ್ಟೆ’ ಎನ್ನಿ. ಹುಬ್ಬಳ್ಳಿಯಲ್ಲಾದರೆ ದುರ್ಗದ ಬೈಲಿನ ಸುತ್ತ, ಧಾರವಾಡದಲ್ಲಾದರೆ ಸುಭಾಷ ರಸ್ತೆಯ ಕಡೆ ವಿಚಾರಿಸಿ. ಬಟ್ಟೆ ಅಂಗಡಿಯಲ್ಲಿ ಇಲ್ಲವೆಂದರೆ ಸೋಫಾ, ಕುಶನ್ ಬಟ್ಟೆ ಮಾರುವವರನ್ನು ಕೇಳಿ ನೋಡಿ. ತುಪ್ಪಳ 5ರಿಂದ 8 ಮಿ.ಮೀ. ಇರಲಿ. 15 ಮಿ.ಮೀ. ದಾಟಿದ್ದನ್ನು ಮೊದಲ ಸಲಕ್ಕೆ ಮುಟ್ಟಲೇಬೇಡಿ. 150 ಸೆಂ.ಮೀ. ಅಗಲದ ಬಟ್ಟೆಯಾದರೆ ಅರ್ಧ ಮೀಟರ್‌ನಲ್ಲಿ ಮೂರು ದೊಡ್ಡ ಗೊಂಬೆ ಆಗುತ್ತವೆ, ಕಿವಿಗೂ ತುಂಡು ಉಳಿಯುತ್ತದೆ.

ಮೂತಿಗೆ ಫೆಲ್ಟ್ ತುಂಡು, ಅಂದರೆ ನೇಯದೆ ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಫೆಲ್ಟ್ ಅಂಚು ಬಿಚ್ಚಿಕೊಳ್ಳುವುದಿಲ್ಲ, ಅದೇ ಅದರ ಅನುಕೂಲ.

ಬ್ಯಾಕಿಂಗ್: ಬಟ್ಟೆಯ ಕೆಳಗೆ ಆಧಾರಕ್ಕೆ ಹಾಕುವ ಹಾಳೆ. ಅಂಗಡಿಯಲ್ಲಿ ‘ಪೇಪರ್’ ಎಂದರೂ ಕೊಡುತ್ತಾರೆ. ಇದರಲ್ಲಿ ಎರಡು ಜಾತಿ. ಹರಿದು ತೆಗೆಯುವುದು ಟೇರ್-ಅವೇ, ಕತ್ತರಿಸಿ ತೆಗೆಯುವುದು ಕಟ್-ಅವೇ. ಶೆರ್ಪಾ ಬಟ್ಟೆ ಹಿಗ್ಗುತ್ತದೆ, ಹಾಗಾಗಿ ಕಟ್-ಅವೇ ತನ್ನಿ. ಟೇರ್-ಅವೇ ಹಾಕಿದರೆ ನಾಲ್ಕು ದಿನ ಆಡಿದ ಮೇಲೆ ಕುರಿಯ ಕಣ್ಣು ಒಂದು ಕಡೆ, ಮೂಗು ಒಂದು ಕಡೆ.

ಟಾಪಿಂಗ್: ಬಟ್ಟೆಯ ಮೇಲೆ ಹಾಸುವ, ನೀರಿನಲ್ಲಿ ಕರಗುವ ತೆಳು ಹಾಳೆ. ಇದರ ಬದಲು ಕ್ಯಾರಿಬ್ಯಾಗ್ ಕತ್ತರಿಸಿ ಹಾಕುವವರಿದ್ದಾರೆ. ಅದು ಕರಗುವುದಿಲ್ಲ, ಚೂರುಗಳು ಎಳೆಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಮಕ್ಕಳ ಬಾಯಿಗೆ ಹೋಗುವ ವಸ್ತುವಿಗೆ ಅದು ಬೇಡ. ಟಾಪಿಂಗ್ ಇಡುವ ರೀತಿಯೂ ಮುಖ್ಯ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದು ತೇವ ಹೀರಿ ಅಂಟಂಟಾಗುತ್ತದೆ. ಗದಗಿನ ಬೇಸಿಗೆಯಲ್ಲಿ ಒಣಗಿ ಪಟಪಟ ಮುರಿಯುತ್ತದೆ. ಎರಡಕ್ಕೂ ಮದ್ದು ಒಂದೇ: ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿಡಿ.

ಇನ್ನು 40 ನಂಬರ್ ಎಂಬ್ರಾಯ್ಡರಿ ದಾರ (ಪಾಲಿಯೆಸ್ಟರ್ ಇರಲಿ, ಒಗೆತಕ್ಕೆ ತಾಳುತ್ತದೆ), ಬಾಬಿನ್ ದಾರ, ತುದಿ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ 75/11, ಕೊನೆಯ ದಪ್ಪ ಹೊಲಿಗೆಗೆ 90/14 ಸೂಜಿ, ಪೇಪರ್ ಟೇಪು, ಚೂಪು ತುದಿಯ ಸಣ್ಣ ಕತ್ತರಿ, ಬ್ಲೇಡು, ಒಳಗಿನ ಅಸ್ತರಕ್ಕೆ ತೆಳು ಕಾಟನ್ ಬಟ್ಟೆ.

1. ಕೈ ಅಳತೆ

ಗೊಂಬೆ ಹಾಕಿಕೊಳ್ಳುವವರ ಕೈಯನ್ನು ಕಾಗದದ ಮೇಲೆ ಇಡಿಸಿ. ತೋರುಬೆರಳು, ನಡುಬೆರಳು ಕುರಿಯ ತಲೆಗೆ. ಹೆಬ್ಬೆರಳು ಒಂದು ಮುಂಗಾಲಿಗೆ, ಉಳಿದೆರಡು ಬೆರಳು ಇನ್ನೊಂದಕ್ಕೆ. ಬೆರಳುಗಳನ್ನು ಹದವಾಗಿ ಅಗಲಿಸಿ ಸುತ್ತ ಗೆರೆ ಎಳೆಯಿರಿ. ಅದರಿಂದ 2 ಸೆಂ.ಮೀ. ಆಚೆ ಇನ್ನೊಂದು ಗೆರೆ. ಈ ಎರಡನೆಯದೇ ಹೊಲಿಗೆ ಗೆರೆ. ಬೆರಳು ಕಾಲಿನ ತುದಿಯವರೆಗೆ ಮುಟ್ಟಲೇಬೇಕೆಂದಿಲ್ಲ, ಅರ್ಧಕ್ಕೆ ಹೋದರೂ ಕಾಲು ಆಡುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲೇ. ಬ್ಲೌಸ್ ಅಳತೆಯ ಲೆಕ್ಕದಲ್ಲಿ ಅರ್ಧ ಇಂಚು ಬಿಟ್ಟರೆ ಸಾಕು ಅಂದುಕೊಳ್ಳುತ್ತಾರೆ. ಫರ್ ಬಟ್ಟೆಯ ದಪ್ಪ ಒಳಗಿನ ಜಾಗ ತಿನ್ನುತ್ತದೆ. ಕುತ್ತಿಗೆಯ ಜಾಗ 5.5 ಸೆಂ.ಮೀ.ಗಿಂತ, ಮುಂಗಾಲು 4.5 ಸೆಂ.ಮೀ.ಗಿಂತ ಕಿರಿದಾಗಬಾರದು. ಟೀಚರ ಕೈಗೆ ಸುಮಾರು 18 ಸೆಂ.ಮೀ. ಅಗಲ, 27 ಸೆಂ.ಮೀ. ಎತ್ತರ, ಕೆಳಗೆ ಕೈ ತೂರಿಸುವ ಕಡೆ 13 ಸೆಂ.ಮೀ. ಅಗಲ ಬರುತ್ತದೆ.

2. ಡಿಸೈನ್ ಫೈಲು

ಸಿದ್ಧ ಡಿಸೈನು ಕೊಂಡರೂ ಸರಿ, ನೀವೇ ಮಾಡಿದರೂ ಸರಿ. ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್ ಜೊತೆ ಕೆಲಸ ಮಾಡುವ ಇಂಕ್/ಸ್ಟಿಚ್ ಉಚಿತವಾಗಿ ಸಿಗುತ್ತದೆ. ಚಿತ್ರವನ್ನು ಹೊಲಿಗೆಯಾಗಿ ಬದಲಿಸುವ ಈ ಕೆಲಸಕ್ಕೆ ಡಿಜಿಟೈಸಿಂಗ್ ಅಂತಾರೆ. ಕೊಳ್ಳುವುದಾದರೆ ಹೂಪ್ ಅಳತೆ ಮತ್ತು ಫೈಲಿನ ಬಗೆ ನೋಡಿ ಕೊಳ್ಳಿ. ಬ್ರದರ್ ಮಷಿನ್‌ಗೆ ಪಿಇಎಸ್, ಜನೋಮ್‌ಗೆ ಜೆಇಎಫ್, ಕಾರ್ಖಾನೆ ಮಷಿನ್‌ಗಳಿಗೆ ಹೆಚ್ಚಾಗಿ ಡಿಎಸ್‌ಟಿ.

ಫೈಲಿನಲ್ಲಿ ಹೊಲಿಗೆಗಳು ಬರಬೇಕಾದ ಕ್ರಮ ಹೀಗೆ: ಮುಂಭಾಗದ ಗುರುತು ಗೆರೆ, ಬಟ್ಟೆ ಹಿಡಿಯುವ ಗೆರೆ, ಮೂತಿ, ತುಪ್ಪಳ ಮಲಗಿಸುವ ಹೊಲಿಗೆ, ಕಣ್ಣು, ಮೂಗು-ಬಾಯಿ, ಕಿವಿ ಹಿಡಿಯುವ ಗೆರೆ, ಕೊನೆಗೆ ಸುತ್ತಿನ ಹೊಲಿಗೆ. ಪ್ರತಿ ಹಂತಕ್ಕೂ ಬೇರೆ ಬೇರೆ ಬಣ್ಣ ಕೊಡಿ, ದಾರ ಒಂದೇ ಆಗಿದ್ದರೂ ಕೊಡಿ. ಬಣ್ಣ ಬದಲಾದಾಗ ಮಾತ್ರ ಮಷಿನ್ ನಿಲ್ಲುತ್ತದೆ. ಒಂದೇ ಬಣ್ಣ ಕೊಟ್ಟರೆ ನೀವು ಬಟ್ಟೆ ಇಡುವ ಮೊದಲೇ ಮುಂದಿನ ಗೆರೆ ಹೊಲಿದು ಮುಗಿಸಿರುತ್ತದೆ. ಡಿಎಸ್‌ಟಿ ಫೈಲಿನಲ್ಲಿ ದಾರದ ಬಣ್ಣ ಉಳಿಯುವುದಿಲ್ಲ, ನಿಲುಗಡೆ ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ನೀಲಿ ಕುರಿ ಕಂಡರೆ ಗಾಬರಿ ಬೇಡ.

ಕೊಂಡ ಡಿಸೈನನ್ನು ಮಷಿನ್ ಮೇಲೆಯೇ ಹಿಗ್ಗಿಸುವುದು, ಕುಗ್ಗಿಸುವುದು ಮಾಡಬೇಡಿ. ಕುಗ್ಗಿಸಿದರೆ ಕೈ ಹೋಗುವುದಿಲ್ಲ. ಹಿಗ್ಗಿಸಿದರೆ ಹೊಲಿಗೆ ಸಡಿಲವಾಗಿ ತುಪ್ಪಳ ಇಣುಕುತ್ತದೆ.

3. ಬಟ್ಟೆ ಕತ್ತರಿಸುವುದು

ಅಂಗೈಯಿಂದ ಬಟ್ಟೆ ಸವರಿ ನೋಡಿ. ಕೈ ನುಣ್ಣಗೆ ಜಾರುವ ದಿಕ್ಕೇ ತುಪ್ಪಳ ಮಲಗುವ ದಿಕ್ಕು. ಅದು ಗೊಂಬೆಯ ತಲೆಯಿಂದ ಕೆಳಕ್ಕೆ ಇರಬೇಕು, ಮುಂದೆಯೂ ಹಿಂದೆಯೂ. ಶೆರ್ಪಾದಲ್ಲಿ ದಿಕ್ಕು ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೂ ಉಲ್ಟಾ ಭಾಗದಲ್ಲಿ ಬಾಣದ ಗುರುತು ಹಾಕಿಕೊಳ್ಳಿ.

ಬಟ್ಟೆಯನ್ನು ಉಲ್ಟಾ ಹಾಸಿ, ಬ್ಲೇಡಿನಿಂದ ಹಿಂಬದಿಯ ನೇಯ್ಗೆಯನ್ನಷ್ಟೇ ಸೀಳಿ. ಮೇಲಿಂದ ದೊಡ್ಡ ಕತ್ತರಿ ಹಾಕಿದರೆ ಅಂಚಿನ ಎಳೆಗಳೆಲ್ಲ ಮೊಂಡಾಗಿ ಗೊಂಬೆಗೆ ಕ್ಷೌರ ಮಾಡಿಸಿದ ಹಾಗೆ ಕಾಣುತ್ತದೆ. 22×32 ಸೆಂ.ಮೀ.ನ ಎರಡು ತುಂಡು ಸಾಕು. ಕತ್ತರಿಸುವಾಗ ನಾರು ಹಾರುತ್ತದೆ, ಹಾಗಾಗಿ ಈ ಕೆಲಸ ಹಿತ್ತಲಲ್ಲೋ ಕಟ್ಟೆಯ ಮೇಲೋ ಆಗಲಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಸ್ತಮಾ ಇದ್ದವರು ಬೇರೆಯವರ ಕೈಲಿ ಮಾಡಿಸಿ.

ಎರಡೂ ತುಂಡಿನ ಕೆಳಗಿನ ಅಂಚನ್ನು 2 ಸೆಂ.ಮೀ. ಒಳಕ್ಕೆ ಮಡಚಿ ಈಗಲೇ ಹೊಲಿದುಬಿಡಿ. ಗೊಂಬೆ ತಯಾರಾದ ಮೇಲೆ ಆ ಕೊಳವೆಯೊಳಗೆ ಮಷಿನ್ ಹೊಗಿಸುವುದು ಹರಸಾಹಸ.

4. ಹೂಪಿಗೆ ಹಾಳೆ ಮಾತ್ರ

ಫರ್ ಬಟ್ಟೆಯನ್ನು ಹೂಪಿಗೆ ಸಿಕ್ಕಿಸಬೇಡಿ. ಬಿಗಿದರೆ ತುಪ್ಪಳದ ಮೇಲೆ ರಿಂಗಿನ ಕಲೆ ಉಳಿಯುತ್ತದೆ, ಸಡಿಲ ಬಿಟ್ಟರೆ ನಡುವೆ ಜಾರುತ್ತದೆ. ಬ್ಯಾಕಿಂಗ್ ಹಾಳೆಯನ್ನಷ್ಟೇ ಸುತ್ತ 3 ಸೆಂ.ಮೀ. ಹೊರಗೆ ಬರುವಂತೆ ಬಿಗಿಯಾಗಿ ಸಿಕ್ಕಿಸಿ. ಬೆರಳಿಂದ ತಟ್ಟಿದರೆ ಟಣ್ ಅನ್ನಬೇಕು. ಗುರುತು ಗೆರೆ ಹೊಲಿಯಲಿ. ಈಗ ಮುಂಭಾಗದ ತುಂಡನ್ನು ಸೀದಾ ಮೇಲಿರುವಂತೆ ಇಡಿ. ಮಡಚಿ ಹೊಲಿದ ಅಂಚು ಗೊಂಬೆಯ ಕೆಳಗೆರೆಗೆ ಸರಿಯಾಗಿ ಕೂರಬೇಕು, ಉಳಿದ ಮೂರು ಕಡೆ ಗೆರೆ ಮುಚ್ಚಿಹೋಗಬೇಕು. ಟೇಪು ಹಚ್ಚಿ, ಹಿಡಿಯುವ ಗೆರೆ ಹೊಲಿಯಲಿ.

ಟೇಪು ಸೂಜಿಯ ದಾರಿಗೆ ಬರಬಾರದು. ಬಂದರೆ ಸೂಜಿಗೆ ಗೋಂದು ಹತ್ತಿ ದಾರ ಮತ್ತೆ ಮತ್ತೆ ತುಂಡಾಗುತ್ತದೆ.

ವೇಗ ನಿಮಿಷಕ್ಕೆ 400-500 ಹೊಲಿಗೆಗೆ ಇಳಿಸಿ. ಮಷಿನ್‌ನಲ್ಲಿ ಪ್ರೆಸರ್ ಫುಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಎತ್ತರಿಸುವ ಅವಕಾಶ ಇದ್ದರೆ ಒಂದೆರಡು ಮಿ.ಮೀ. ಎತ್ತರಿಸಿ.

5. ಮುಖ

ಗೊಂಬೆಯ ಜೀವ ಇರುವುದು ಇಲ್ಲೇ, ಸಮಯ ಕೊಡಿ.

ಮೊದಲು ಮೂತಿ. ಮೊಟ್ಟೆಯಾಕಾರದ ಗುರುತು ಹೊಲಿದ ಮೇಲೆ ಅದರ ಮೇಲೆ ಫೆಲ್ಟ್ ಇಡಿ. ಹಿಡಿಯುವ ಗೆರೆ ಹೊಲಿದ ಮೇಲೆ ಹೂಪನ್ನು ಮಷಿನ್‌ನಿಂದ ತೆಗೆಯಿರಿ, ಆದರೆ ಹೂಪಿನ ತಿರುಪು ಸಡಿಲಿಸಬೇಡಿ. ಗೆರೆಯಿಂದ 1-2 ಮಿ.ಮೀ. ಆಚೆ ಫೆಲ್ಟ್ ಕತ್ತರಿಸಿ ಹೂಪ್ ಮತ್ತೆ ಕೂರಿಸಿ. ಅಂಚಿನ ಸ್ಯಾಟಿನ್ ಹೊಲಿಗೆ, ಅಂದರೆ ಒತ್ತೊತ್ತಾಗಿ ಅಡ್ಡಡ್ಡ ಬರುವ ಹೊಲಿಗೆ, 3.5ರಿಂದ 4 ಮಿ.ಮೀ. ಅಗಲ ಇರಲಿ. ಅದಕ್ಕಿಂತ ಸಣ್ಣದಾದರೆ ಉಣ್ಣೆಯಲ್ಲಿ ಕಾಣೆಯಾಗುತ್ತದೆ. ಮೂಗು, ಬಾಯಿ ಫೆಲ್ಟಿನ ಮೇಲೆಯೇ ಬರುವುದರಿಂದ ಅವುಗಳ ಚಿಂತೆ ಇಲ್ಲ.

ಕಣ್ಣು ಹಾಗಲ್ಲ, ಅದು ತುಪ್ಪಳದ ಮೇಲೆ ಬರುತ್ತದೆ. ಇಲ್ಲಿ ಮಲಗಿಸುವ ಹೊಲಿಗೆ ಬೇಕು. ಡಿಜಿಟೈಸಿಂಗ್ ಮಾಡುವವರು ಇದಕ್ಕೆ ನಾಕ್‌ಡೌನ್ ಅಂತಾರೆ. ಬಟ್ಟೆಯ ಬಣ್ಣದ್ದೇ ದಾರದಲ್ಲಿ, 1.5-2 ಮಿ.ಮೀ. ಅಂತರದ ವಿರಳ ಗೆರೆಗಳನ್ನು ಒಂದು ಸಲ ಓರೆಯಾಗಿ, ಇನ್ನೊಂದು ಸಲ ಅದಕ್ಕೆ ಅಡ್ಡಲಾಗಿ ಹೊಲಿಯುವುದು. ಕಣ್ಣಿನ ಅಂಚಿನಿಂದ 2-3 ಮಿ.ಮೀ. ಆಚೆಗೂ ಅದು ಚಾಚಿರಲಿ. ದಾರ ಬಟ್ಟೆಯ ಬಣ್ಣದ್ದೇ ಆದ್ದರಿಂದ ಕಾಣುವುದಿಲ್ಲ. ಒತ್ತಾಗಿ ಹೊಲಿದರೆ ಮಾತ್ರ ಕಣ್ಣಿನ ಸುತ್ತ ಗಟ್ಟಿ ಬಿಲ್ಲೆ ಅಂಟಿಸಿದಂತಾಗುತ್ತದೆ.

ಈ ಹೊಲಿಗೆ ಶುರುವಾಗುವ ಮೊದಲೇ ಟಾಪಿಂಗ್ ಹಾಳೆ ಹಾಸಿ ನಾಲ್ಕೂ ಕಡೆ ಟೇಪು ಹಚ್ಚಿ. ಟಾಪಿಂಗ್ ಇದ್ದರೆ ನಾಕ್‌ಡೌನ್ ಬೇಡ ಅಲ್ವಾ ಎಂದು ಕೇಳುತ್ತಾರೆ. ಬೇಕು. ಟಾಪಿಂಗ್ ಹೊಲಿಯುವಾಗ ಕಾಯುತ್ತದೆ, ತೊಳೆದ ಮೇಲೆ ಕರಗಿ ಹೋಗುತ್ತದೆ. ಆಮೇಲೆ ಕಣ್ಣಿನ ಅಂಚಿನ ಎಳೆಗಳು ಮೇಲೇಳದಂತೆ ಕೊನೆವರೆಗೂ ಕಾಯುವುದು ನಾಕ್‌ಡೌನ್.

ಕಣ್ಣಿನ ಹೊಲಿಗೆಯ ಒತ್ತು, ಅಂದರೆ ಗೆರೆಯಿಂದ ಗೆರೆಗಿರುವ ಅಂತರ, ಮಾಮೂಲಿ 0.4 ಮಿ.ಮೀ. ಬದಲು 0.35 ಇರಲಿ. ನಮ್ಮ ಕಡೆಯ ಕುರಿ ಬಹಳಷ್ಟು ಕಪ್ಪು ಬಣ್ಣದವು, ಹಾಗಾಗಿ ಕಪ್ಪು ಶೆರ್ಪಾ ತಂದವರೂ ಇರುತ್ತೀರಿ. ಆಗ ಬಿಳಿ ಗುಡ್ಡೆಯನ್ನು ದೊಡ್ಡದಾಗಿ ಮೊದಲು ಹೊಲಿದು, ಆಮೇಲೆ ಕಪ್ಪು ಪಾಪೆ, ಅದರಲ್ಲಿ ಒಂದು ಬಿಳಿ ಚುಕ್ಕೆ. ಕುರಿಯ ನಿಜವಾದ ಪಾಪೆ ಅಡ್ಡಗೆರೆಯ ಹಾಗೆ ಉದ್ದಕ್ಕಿರುತ್ತದೆ. ಹಾಗೇ ಹೊಲಿದರೆ ಚಿಕ್ಕ ಮಕ್ಕಳು ಹೆದರಬಹುದು, ದುಂಡಗೇ ಇರಲಿ. ಕಣ್ಣುಗಳನ್ನು ಮುಖದಲ್ಲಿ ಸ್ವಲ್ಪ ಕೆಳಗೆ, ದೂರ ದೂರ ಇಟ್ಟರೆ ಮರಿಯ ಮುಖ ಬರುತ್ತದೆ. ಮೇಲೆ, ಹತ್ತಿರ ಇಟ್ಟರೆ ಟಗರಾಗುತ್ತದೆ.

ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಹಚ್ಚಲೇಬೇಡಿ. ಕಿತ್ತು ಬಂದರೆ ಮಗುವಿನ ಗಂಟಲಿಗೆ ಹೋಗುತ್ತದೆ. ಹೊಲಿದ ಕಣ್ಣಿಗೆ ಆ ಭಯವಿಲ್ಲ.

ಒಂದು ಹಂತದಿಂದ ಇನ್ನೊಂದಕ್ಕೆ ದಾಟುವಾಗ ಉಳಿಯುವ ಉದ್ದ ದಾರಗಳನ್ನು ಆಗಿಂದಾಗಲೇ ಕತ್ತರಿಸಿ. ಆಮೇಲೆ ಹುಡುಕಿದರೆ ಉಣ್ಣೆಯಲ್ಲಿ ಸಿಗುವುದಿಲ್ಲ.

6. ಕಿವಿ

ಕಿವಿಯನ್ನು ಮೊದಲೇ ಬೇರೆಯಾಗಿ ಮಾಡಿಟ್ಟುಕೊಳ್ಳಿ. ಒಂದು ಪದರ ಶೆರ್ಪಾ, ಒಂದು ಪದರ ನಯವಾದ ಬಟ್ಟೆ. ಸೀದಾಗೆ ಸೀದಾ ಸೇರಿಸಿ ಎಲೆಯಾಕಾರಕ್ಕೆ ಹೊಲಿದು ತಿರುವಿ. ಈಗ ಗೊಂಬೆಯ ಮುಖದ ಮೇಲೆ ಕಿವಿಯ ತುದಿ ಒಳಮುಖ, ಬುಡ ಸುತ್ತಿನ ಗೆರೆಯ ಮೇಲೆ ಬರುವಂತೆ ಇಡಿ. ತುದಿಗೆ ಟೇಪು ಹಚ್ಚಿ, ಕಿವಿ ಹಿಡಿಯುವ ಗೆರೆ ಹೊಲಿಯಲಿ. ಉಲ್ಟಾ ಇಟ್ಟಂತೆ ಕಾಣುತ್ತದೆ, ಅದೇ ಸರಿ. ತುದಿ ಹೊರಕ್ಕೆ ಇಟ್ಟರೆ ತಿರುವಿದಾಗ ಕಿವಿ ಗೊಂಬೆಯ ಹೊಟ್ಟೆಯೊಳಗೆ ಇರುತ್ತದೆ.

7. ಅಸ್ತರ ಮತ್ತು ಬೆನ್ನು

ಮುಖದ ಹಿಂದೆ ಬಾಬಿನ್ ದಾರಗಳ ಜಾಲ ಇರುತ್ತದೆ. ಹಾಗೇ ಬಿಟ್ಟರೆ ಬೆರಳುಗುರು ಸಿಕ್ಕಿ ದಾರ ಕೀಳುತ್ತದೆ. ಹೂಪನ್ನು ತೆಗೆದು ಬೋರಲು ಹಾಕಿ, ಕೆಳಗಂಚು ಮಡಚಿ ಹೊಲಿದ ಕಾಟನ್ ಬಟ್ಟೆಯನ್ನು ಹಿಂಬದಿಗೆ ಟೇಪು ಹಚ್ಚಿ. ಮಡಚಿದ ಬದಿ ಬ್ಯಾಕಿಂಗ್ ಕಡೆಗಿರಲಿ. ನಾಲ್ಕು ಮೂಲೆಗೂ ಹಚ್ಚಿ, ಇಲ್ಲವಾದರೆ ಮಷಿನ್ ಓಡುವಾಗ ಮಡಿಕೆ ಬೀಳುತ್ತದೆ.

ಹೂಪ್ ಮತ್ತೆ ಕೂರಿಸಿ ಬೆನ್ನಿನ ತುಂಡನ್ನು ಸೀದಾ ಭಾಗ ಕೆಳಗೆ ಮಾಡಿ ಇಡಿ. ಕೆಳಗಿನ ಅಂಚುಗಳು ಒಂದರ ಮೇಲೊಂದು ಕೂರಲಿ. ಹೊಲಿಗೆ ಗೆರೆಯ ಹತ್ತಿರದ ತುಪ್ಪಳವನ್ನು ಹಳೆಯ ಟೂತ್ ಬ್ರಶ್ಶಿನಿಂದ ಒಳಕ್ಕೆ ಸವರಿ.

8. ಸುತ್ತಿನ ಹೊಲಿಗೆ

ಸೂಜಿ 90/14ಕ್ಕೆ ಬದಲಿಸಿ. ಹೊಲಿಗೆ ಟ್ರಿಪಲ್ ಇರಲಿ, ಅಂದರೆ ಮುಂದೆ, ಹಿಂದೆ, ಮತ್ತೆ ಮುಂದೆ ಹೋಗುವ ಹೊಲಿಗೆ, ಉದ್ದ 2.5 ಮಿ.ಮೀ. ಕೆಳಗಿನ ಒಂದು ಮೂಲೆಯಿಂದ ಹೊರಟು ತಲೆ ಸುತ್ತಿ ಇನ್ನೊಂದು ಮೂಲೆಗೆ ಬಂದು ನಿಲ್ಲಬೇಕು, ಕೆಳಗಡೆ ತೆರೆದಿರಬೇಕು. ಕಿವಿಯ ಜಾಗದಲ್ಲಿ ನಾಲ್ಕು ಪದರ ಫರ್‌ನಷ್ಟು ದಪ್ಪ. ಅಲ್ಲಿ ಮಷಿನ್ ಬಿಟ್ಟು ಎದ್ದು ಹೋಗಬೇಡಿ. ಸದ್ದು ಬದಲಾದರೆ ತಕ್ಷಣ ನಿಲ್ಲಿಸಿ.

ಮಳೆಗಾಲದಲ್ಲಿ ನಡುವೆ ಕರೆಂಟು ಹೋಗುವುದು ಹೊಸದೇನಲ್ಲ. ಕೆಲವು ಮಷಿನ್ ನಿಂತ ಜಾಗ ನೆನಪಿಟ್ಟುಕೊಳ್ಳುತ್ತವೆ, ಕೆಲವು ಇಲ್ಲ. ಪರದೆಯಲ್ಲಿ ಕಾಣುವ ಹೊಲಿಗೆ ಸಂಖ್ಯೆಯನ್ನು ಆಗಾಗ ಬರೆದಿಟ್ಟುಕೊಂಡರೆ ಅಲ್ಲಿಂದಲೇ ಮುಂದುವರಿಸಬಹುದು. ಬಟ್ಟೆಯನ್ನು ಹೂಪಿನಿಂದ ಬಿಚ್ಚದಿದ್ದರೆ ಸಾಕು.

ಚಿಕ್ಕ ಹೂಪಿನವರು ಐದನೇ ಹಂತದ ನಂತರ ಹೂಪ್ ಬಿಚ್ಚಿ, ಉಲ್ಟಾ ಭಾಗದಲ್ಲಿ ಚಾಕ್‌ನಿಂದ ಮೈಯ ಆಕಾರ ಬರೆದು, ಕಿವಿ, ಅಸ್ತರ, ಬೆನ್ನು ಇದೇ ಕ್ರಮದಲ್ಲಿ ಜೋಡಿಸಿ ಹೊಲಿಗೆ ಮಷಿನ್‌ನಲ್ಲಿ ಎರಡು ಸುತ್ತು ಹೊಲಿಯಿರಿ. ಗುಂಡುಪಿನ್ನು ಫರ್‌ನಲ್ಲಿ ಕಾಣದೆ ಉಳಿದುಬಿಡುತ್ತದೆ, ಹಾಗಾಗಿ ಬಟ್ಟೆ ಹಿಡಿಯುವ ಕ್ಲಿಪ್ಪುಗಳನ್ನೇ ಬಳಸಿ.

9. ತಿರುವುವುದು, ಬಾಚುವುದು

ಹೂಪಿನಿಂದ ಬಿಡಿಸಿ ಸುತ್ತ 6 ಮಿ.ಮೀ. ಮಾರ್ಜಿನ್ ಬಿಟ್ಟು ಕತ್ತರಿಸಿ. ಕೆಳಗಡೆ ಬ್ಯಾಕಿಂಗ್ ಹಾಳೆಯನ್ನು ಮಾತ್ರ ಮಡಿಕೆಯ ಒಳಕ್ಕೆ ಸರಿಯುವಷ್ಟು ಕತ್ತರಿಸಿ, ಅಸ್ತರದ ಅಂಚನ್ನು ಫರ್ ಮಡಿಕೆಗೆ ಕೈಯಿಂದ ಹೆಮ್ಮಿಂಗ್ ಮಾಡಿ. ಕುತ್ತಿಗೆ, ಕಂಕುಳಿನ ತಿರುವುಗಳಲ್ಲಿ ಹೊಲಿಗೆಯ ಹತ್ತಿರದವರೆಗೆ ಸಣ್ಣ ಕಚ್ಚು ಹಾಕಿ. ಕಚ್ಚು ಹಾಕದಿದ್ದರೆ ತಿರುವಿದಾಗ ಅಲ್ಲೆಲ್ಲ ಸುಕ್ಕು ಬೀಳುತ್ತದೆ. ತಿರುವಿದ ಮೇಲೆ ಕಾಲಿನ ತುದಿಯನ್ನು ಲಟ್ಟಣಿಗೆಯ ಹಿಡಿಕೆಯಿಂದ ದೂಡಿ. ಪೆನ್ಸಿಲ್ ಬೇಡ, ತೂತಾಗುತ್ತದೆ.

ಹೊಲಿಗೆಯಲ್ಲಿ ಸಿಕ್ಕಿಕೊಂಡ ಎಳೆಗಳನ್ನು ದಪ್ಪ ಸೂಜಿಯ ತುದಿಯಿಂದ ಹೊರಕ್ಕೆ ಎಬ್ಬಿಸಿ ಬಾಚಿ. ಎಬ್ಬಿಸುತ್ತ ಹೋದಂತೆ ಹೊಲಿಗೆ ಗೆರೆ ಮಾಯವಾಗುತ್ತದೆ. ಟಾಪಿಂಗ್‌ನ ದೊಡ್ಡ ಚೂರುಗಳನ್ನು ಹರಿದು ತೆಗೆದು, ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ಇದು ಪಾಲಿಯೆಸ್ಟರ್, ಕರಗುತ್ತದೆ.

ಮಷಿನ್‌ನ ಬಾಬಿನ್ ಮನೆ ಬಿಚ್ಚಿ ನೋಡಿ, ಒಳಗೆ ಅರ್ಧ ಕುರಿ ಇರುತ್ತದೆ! ಬ್ರಶ್ಶಿನಿಂದ ತೆಗೆಯಿರಿ. ಬಾಯಿಂದ ಊದಿದರೆ ನಾರು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ.

ಅಲಂಕಾರ, ಮಾರಾಟ

ಕೊರಳಿಗೆ ಖಣದ ತುಂಡಿನ ಒಂದು ಪಟ್ಟಿ ಹೊಲಿದರೆ ಚೆಂದ. ಬ್ಲೌಸ್ ಹೊಲಿಯುವವರ ಮನೆಯಲ್ಲಿ ತುಂಡಿಗೆ ಬರವಿಲ್ಲ. ಪಟ್ಟಿಯನ್ನು ಕೊರಳಿಗೇ ಹೊಲಿಯಿರಿ, ಉದ್ದ ಲಾಡಿ ಇಳಿಬಿಡಬೇಡಿ. ಗೋಪುರ, ತೇರಿನಂಥ ಕಸೂತಿ ಚಿತ್ತಾರ ಹಾಕುವ ಮನಸ್ಸಿದ್ದರೆ ಈ ಪಟ್ಟಿಯ ಮೇಲೇ ಹಾಕಿ. ಕಸೂತಿಯ ಗವಂತಿ, ಮುರಗಿಯಂಥ ಸಣ್ಣ ಹೊಲಿಗೆ ಉಣ್ಣೆಯ ಮೇಲೆ ನಿಲ್ಲುವುದಿಲ್ಲ. ಆದರೆ ಮಷಿನ್‌ನಲ್ಲಿ ಹೊಲಿದದ್ದನ್ನು ಕಸೂತಿ ಎಂದು ಮಾರಬೇಡಿ. ಎಳೆ ಎಣಿಸಿ, ಗಂಟು ಹಾಕದೆ ಕೈಯಲ್ಲಿ ಹೊಲಿಯುವುದು ಕಸೂತಿ. ಅದಕ್ಕೆ ಜಿಐ, ಅಂದರೆ ಒಂದು ಪ್ರದೇಶದ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಮಾರುವ ವಿಚಾರದಲ್ಲಿ ಇನ್ನೊಂದು ತಿಳಿದಿರಲಿ. 14 ವರ್ಷದೊಳಗಿನ ಮಕ್ಕಳ ಆಟಿಕೆ ಮಾರಲು 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ. ಮನೆ ಮಕ್ಕಳಿಗೆ ಒಂದೆರಡು ಮಾಡಿಕೊಡುವವರಿಗೆ ಈ ತಲೆನೋವಿಲ್ಲ. ಅಂಗಡಿಗೆ ಹಾಕುವ ಯೋಚನೆ ಇದ್ದರೆ ಬಟ್ಟೆ ತರುವ ಮೊದಲೇ ವಿಚಾರಿಸಿ.

ಗೊಂಬೆಯ ಜೊತೆ ಒಂದು ಚೀಟಿ ಇಡಿ: ತಣ್ಣೀರಲ್ಲಿ ಕೈಯಿಂದ ಒಗೆಯಬೇಕು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು, ಒಣಗಿದ ಮೇಲೆ ಬಾಚಬೇಕು.